ಸ್ಕ್ಯಾನರ್ ತೆಗೆದಿಟ್ಟ ಹನ್ನೊಂದು ದಿನ: ಒಂದು ಕಾಂಡಿಮೆಂಟ್ಸ್ ಅಂಗಡಿಯ ಪ್ರಕರಣ

ತನ್ನ ಅಂಗಡಿಯಲ್ಲಿ ವರ್ಷಕ್ಕೆ ಎಷ್ಟು ವ್ಯಾಪಾರ ಆಗುತ್ತದೆ ಅಂತ ಅಣ್ಣನಿಗೆ ಮೊದಲ ಸಲ ತಿಳಿಸಿದ್ದು ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್. ಅಷ್ಟರಲ್ಲಿ ಅಂಗಡಿ ಶುರುವಾಗಿ ಹನ್ನೊಂದು ವರ್ಷ ಕಳೆದಿತ್ತು.

ಅಣ್ಣ ಅಂದರೆ ನನ್ನ ಒಡಹುಟ್ಟಿದವರಲ್ಲ. ಬೆಂಗಳೂರಿನ ಪಶ್ಚಿಮದ ಒಂದು ಬಡಾವಣೆಯಲ್ಲಿ ಕಾಂಡಿಮೆಂಟ್ಸ್ ನಡೆಸುವವರು. ಊರು ಕುಂದಾಪುರದ ಕಡೆ. ನಾನು ಅಂಥ ಏಳೆಂಟು ಅಂಗಡಿಗಳಿಗೆ ಲೆಕ್ಕ ಬರೆದುಕೊಡುತ್ತೇನೆ. ಇವರದ್ದು ಆಗ ಬರೆಯುತ್ತಿರಲಿಲ್ಲ, ಸುಮ್ನೆ ಟೀ ಕುಡಿಯಲು ಹೋಗುತ್ತಿದ್ದೆ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ, ಅಂಗಡಿಯ ಅಂಕಿಗಳನ್ನು ಸುಮಾರಾಗಿ ಕೊಟ್ಟಿದ್ದೇನೆ. ಅವರು ಯಾವ ಕ್ರಮದಲ್ಲಿ ಯೋಚನೆ ಮಾಡಿದರು ಅನ್ನುವುದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ಯಾಕೆಂದರೆ ಇಲ್ಲಿ ನೋಡಬೇಕಾದ್ದು ಅದೇ.

ಅಂಗಡಿಯ ಅಗಲ ಹತ್ತಡಿ. ಎಡಗಡೆ ಟೀ ಸ್ಟವ್. ಮುಂದೆ ಬನ್ನು, ಬೆಣ್ಣೆ ಬಿಸ್ಕತ್ತು, ಪಫ್ಸ್ ಇರುವ ಗಾಜಿನ ಡಬ್ಬಿಗಳು. ಇವು ಯಾವುದನ್ನೂ ಅಲ್ಲಿ ಮಾಡುವುದಿಲ್ಲ, ಹತ್ತಿರದ ಬೇಕರಿಯಿಂದ ಬೆಳಿಗ್ಗೆ ಬರುತ್ತವೆ. ಹಿಂದೆ ಕೂಲ್‌ಡ್ರಿಂಕ್ಸ್ ಫ್ರಿಜ್, ಹಾಲಿನ ಕ್ರೇಟು, ತಲೆಯ ಮೇಲೆ ಸಿಗರೇಟಿನ ಸ್ಟ್ಯಾಂಡು. ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗೆ. ಗಲ್ಲಾದಲ್ಲಿ ಅಣ್ಣ, ಮಧ್ಯಾಹ್ನ ಎರಡರಿಂದ ಐದರವರೆಗೆ ಅವರ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ. ಟೀ ಮಾಡುವವನು ಅಕ್ಕನ ತಮ್ಮ. ಜೊತೆಗೆ ಊರಿನ ಕಡೆಯ ಒಬ್ಬ ಹುಡುಗ. ಸರ್ಕಾರದ ಲೆಕ್ಕದಲ್ಲಿ ಇದು ಮೈಕ್ರೋ ಉದ್ಯಮ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಕೋಟಿವರೆಗೆ ವಹಿವಾಟು ಇರುವವರೂ ಮೈಕ್ರೋನೇ. ಒಂಬತ್ತು ಕೋಟಿ ತಿರುಗಿಸುವ ಕಾರ್ಖಾನೆಗೂ ಈ ಹತ್ತಡಿ ಅಂಗಡಿಗೂ ಒಂದೇ ಹೆಸರು. ಅದು ಬೇರೆ ಮಾತು.

2025ರ ಆ ಜುಲೈ ನೆನಪಿರಬಹುದು. 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ಹಿಡಿದು ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟಿ ಅಂತ ನೋಟಿಸ್ ಬಂದದ್ದು ಎಲ್ಲ ಕಡೆ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿನೇ ಇಲ್ಲ ಅನ್ನುವುದು ಆಮೇಲಿನ ಮಾತು. ಅಣ್ಣನಿಗೆ ನೋಟಿಸ್ ಬಂದದ್ದು ಜುಲೈ 11, ಶುಕ್ರವಾರ. ಮಾರನೆಯ ದಿನ ಬೆಳಿಗ್ಗೆ ನಾನು ಟೀಗೆ ಹೋದಾಗ ಗಲ್ಲಾ ಮೇಲಿನ ಸ್ಕ್ಯಾನರ್ ಇರಲಿಲ್ಲ. ಹಣ ಬಂತು ಅಂತ ಕೂಗುವ ಡಬ್ಬಿಯೂ ಇರಲಿಲ್ಲ. ನೋಟ್‌ಬುಕ್ ಹಾಳೆಯ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದಿತ್ತು: “ಫೋನ್‌ಪೇ ಗೂಗಲ್‌ಪೇ ಇಲ್ಲ. ಕ್ಯಾಶ್ ಮಾತ್ರ.”

ನೋಟಿಸ್ ಬಂದು ಹದಿನೈದು ಗಂಟೆ ಆಗಿರಲಿಲ್ಲ, ನಿರ್ಧಾರ ಮುಗಿದಿತ್ತು.

ಯಾರನ್ನು ಕೇಳಿದರು?

ಮೊದಲು ಫೋನ್ ಮಾಡಿದ್ದು ಸ್ವಂತ ಅಣ್ಣನಿಗೆ. ಅವರದ್ದೂ ಇಂಥದ್ದೇ ಅಂಗಡಿ, ನಾಗರಬಾವಿ ಕಡೆ. ಇವರನ್ನು ಬೆಂಗಳೂರಿಗೆ ಕರೆತಂದವರು, ಅಂಗಡಿಯ ಅಡ್ವಾನ್ಸಿಗೆ ದುಡ್ಡು ಕೊಟ್ಟವರು ಅವರೇ. “ನಾವ್ ತೆಗ್ದಾಯ್ತು, ನೀನೂ ತೆಗಿ” ಅಂದರಂತೆ. ಆಮೇಲೆ ಊರಿನವರ ವಾಟ್ಸಾಪ್ ಗ್ರೂಪು. ಅದರಲ್ಲಿ ಸ್ಕ್ಯಾನರ್ ತೆಗೆದ ಅಂಗಡಿಗಳ ಫೋಟೋ ಒಂದರ ಹಿಂದೊಂದು ಬರುತ್ತಿದ್ದವು. ಆಮೇಲೆ ಆರ್ಡರ್ ಬರೆದುಕೊಳ್ಳಲು ಬಂದ ಬಿಸ್ಕತ್ ಡಿಸ್ಟ್ರಿಬ್ಯೂಟರ್ ಹುಡುಗ. ಅವನು ದಿನಕ್ಕೆ ನಲವತ್ತು ಅಂಗಡಿ ಸುತ್ತುತ್ತಾನೆ, ಅವನ ಮಾತು ಅಂದರೆ ಇಡೀ ಏರಿಯಾದ ಸಮೀಕ್ಷೆ. “ನಮ್ ಲೈನಲ್ಲಿ ಎಲ್ಲಾರೂ ತೆಗೀತಿದಾರೆ ಅಣ್ಣ.” ಕೊನೆಗೆ ಒಬ್ಬ ಸಲಹೆಗಾರರು. ನೋಟಿಸ್ ಪೂರ್ತಿ ಓದುವ ಮುಂಚೆನೇ ಫೀಸು ಹೇಳಿದರು ಅಂತ ಅವರನ್ನು ಅಲ್ಲಿಗೇ ಬಿಟ್ಟರು.

ಲೆಕ್ಕ ಗೊತ್ತಿರುವ ನಾನು ದಿನಾ ಎರಡು ಸಲ ಅಲ್ಲೇ ನಿಂತು ಟೀ ಕುಡಿಯುತ್ತಿದ್ದೆ. ನನ್ನನ್ನು ಕೇಳಲಿಲ್ಲ. ಸ್ವಲ್ಪ ಬೇಜಾರಾಯಿತು, ನಿಜ. ಆಮೇಲೆ ಯೋಚಿಸಿದಾಗ ಸರಿ ಅನ್ನಿಸಿತು. ಸಲಹೆ ತಪ್ಪಾದರೆ ನನಗೇನು ನಷ್ಟ? ಅವರ ಅಣ್ಣನಿಗಾದರೆ ಅದೇ ನೋಟಿಸಿನ ಭಯ ಇದೆ, ಅದೇ ಗಲ್ಲಾ ಇದೆ. ತಾನು ಮಾಡುವುದನ್ನೇ ತಮ್ಮನಿಗೆ ಹೇಳಿದ್ದಾರೆ. ಸಣ್ಣ ವ್ಯಾಪಾರಿ ಸಲಹೆಯ ತೂಕ ನೋಡುವುದು ಹೀಗೆ. ಹೇಳಿದವನಿಗೆ ಎಷ್ಟು ಗೊತ್ತು ಅಂತ ಆಮೇಲೆ ನೋಡುತ್ತಾನೆ, ಹೇಳಿದವನದ್ದು ಏನು ಪಣಕ್ಕಿದೆ ಅಂತ ಮೊದಲು ನೋಡುತ್ತಾನೆ.

ಮನುಷ್ಯ ಎಲ್ಲ ದಾರಿಗಳನ್ನೂ ಅಳೆದು ತೂಗಿ ಅತಿ ಒಳ್ಳೆಯದನ್ನು ಆರಿಸುವುದಿಲ್ಲ, ಸಾಕು ಅನ್ನಿಸುವಂಥದ್ದು ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುತ್ತಾನೆ ಅಂತ ಹರ್ಬರ್ಟ್ ಸೈಮನ್ ಹೇಳಿದ್ದರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಐದೂವರೆಗೆ ಹಾಲಿನ ಗಾಡಿ ಬರುವ ಅಂಗಡಿಯಲ್ಲಿ ಹುಡುಕಾಟಕ್ಕೆ ಇರುವ ಸಮಯ ಒಂದು ರಾತ್ರಿ.

ದಿನದ ಲೆಕ್ಕ, ವರ್ಷದ ಲೆಕ್ಕ

ನೋಟಿಸಿನಲ್ಲಿ 2024-25ಕ್ಕೆ ಇದ್ದ ಅಂಕಿ 43 ಲಕ್ಷ. ಅದನ್ನು ನೋಡಿ ಅಣ್ಣ ಮೊದಲು ನಕ್ಕರಂತೆ. “ಇದು ನಮ್ದಲ್ಲ, ಬೇರೆ ಯಾರದ್ದೋ.” 43 ಲಕ್ಷದವನು ಈ ಹತ್ತಡಿಯಲ್ಲಿ ಯಾಕೆ ನಿಂತಿರುತ್ತಾನೆ?

ಈ ಗೊಂದಲ ಅವರೊಬ್ಬರದ್ದಲ್ಲ. ಬರೀ ಸಾಮಾನು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಕೇಳಿದರೆ ದೊಡ್ಡ ಮೊತ್ತ. 365ರಿಂದ ಭಾಗಿಸಿ ನೋಡಿ. ದಿನಕ್ಕೆ 11 ಸಾವಿರವೂ ಇಲ್ಲ! ಹಾಲು, ಸಿಗರೇಟು ಮಾರುವ ಯಾವುದೇ ಮೂಲೆ ಅಂಗಡಿ ಆ ಗೆರೆ ದಾಟುತ್ತದೆ. ಅಣ್ಣನಿಗೆ ದಿನಕ್ಕೆ 17 ಸಾವಿರದ ಹತ್ತಿರ ಆಗುತ್ತದೆ ಅಂತ ಗೊತ್ತಿತ್ತು. ಅದನ್ನು ವರ್ಷಕ್ಕೆ ಗುಣಿಸುವ ಅಗತ್ಯ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ. ಹಾಲಿನವನಿಗೆ ದಿನಾ ಕೊಡಬೇಕು. ಬೇಕರಿಯವನಿಗೆ ಎರಡು ದಿನಕ್ಕೊಮ್ಮೆ. ಬಾಡಿಗೆ, ಚೀಟಿ ತಿಂಗಳಿಗೆ. ವರ್ಷಕ್ಕೊಮ್ಮೆ ಬರುವುದು ಮಗಳ ಕಾಲೇಜು ಫೀಸು ಒಂದೇ.

ಲಾಭ ಎಷ್ಟು ಅಂತ ಕೇಳಿದರೆ ಅವರ ಬಳಿ ಉತ್ತರ ಇಲ್ಲ. ಆದರೆ ಅಂಗಡಿ ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಅಂತ ಹೇಳುವ ಅಳತೆಗೋಲು ಇದೆ. ಸಂಜೆ ಏಳಕ್ಕೆ ಸೊಸೈಟಿಯ ಪಿಗ್ಮಿಯವನು ಬರುತ್ತಾನೆ. ಇನ್ನೂರು ರೂಪಾಯಿ. ಯೋಚನೆ ಮಾಡದೆ ಕೈಗೆ ಕೊಟ್ಟರೆ ಒಳ್ಳೆಯ ದಿನ. ಗಲ್ಲಾ ಎಳೆದು ನೋಡಿ ಕೊಟ್ಟರೆ ಸುಮಾರು. “ನಾಳೆ ಒಟ್ಟಿಗೆ ಕೊಡ್ತೆ” ಅಂದರೆ ಏನೋ ಎಡವಟ್ಟಾಗಿದೆ. ಪಿಗ್ಮಿ ಹುಟ್ಟಿದ್ದೂ ಅವರ ಕರಾವಳಿಯಲ್ಲೇ ಅಲ್ವಾ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್, ಆಗಿನ ಹೆಸರಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಈ ಪದ್ಧತಿ ಶುರುಮಾಡಿತು. ದಿನ ದುಡಿದು ದಿನ ಎಣಿಸುವವರ ಲೆಕ್ಕ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿತ್ತು. ಜಿಎಸ್‌ಟಿ ಮಾಡಿದವರಿಗೆ ಗೊತ್ತಿದ್ದದ್ದು ವರ್ಷದ ಲೆಕ್ಕ.

ಸ್ಕ್ಯಾನರ್ ಬಂದದ್ದೂ ಲೆಕ್ಕ ಹಾಕಿ ಅಲ್ಲ. 2020ರಲ್ಲಿ ಕೊರೊನಾ ಕಾಲಕ್ಕೆ ಜನ ನೋಟು ಮುಟ್ಟಲು ಹೆದರುತ್ತಿದ್ದರು. ಯುಪಿಐಗೆ ವ್ಯಾಪಾರಿ ಕಮಿಷನ್ ಕೊಡಬೇಕಾಗಿರಲಿಲ್ಲ. ಪಕ್ಕದ ಮೆಡಿಕಲ್‌ನವರು ಹಾಕಿದರು, ಇವರೂ ಹಾಕಿದರು. ಬಂದ ಹಾಗೇ ಹೋಯಿತು.

ಹನ್ನೊಂದು ದಿನ

ಮೊದಲೆರಡು ದಿನ ಶನಿವಾರ, ಭಾನುವಾರ. ಏನೂ ಗೊತ್ತಾಗಲಿಲ್ಲ. ಸೋಮವಾರದಿಂದ ಶುರುವಾಯಿತು.

ಟೀ ಕಡೆ ಮೊದಲು ಹೊಡೆತ ಬಿತ್ತು. ಪಕ್ಕದ ರಸ್ತೆಯ ಆಫೀಸಿನ ಹುಡುಗರು ನಾಲ್ಕು ಗಂಟೆಗೆ ಗುಂಪಾಗಿ ಬರುತ್ತಾರೆ. ಜೇಬಲ್ಲಿ ಪರ್ಸೇ ಇರುವುದಿಲ್ಲ. ಬೋರ್ಡು ನೋಡಿ, “ಓ...” ಅಂದು, ಮುಂದಿನ ಅಂಗಡಿಗೆ ಹೋದರು. ಹದಿನೆಂಟು ಲೀಟರ್ ಹಾಲು ಕಾಯಿಸುತ್ತಿದ್ದ ತಮ್ಮ ವಾರದಲ್ಲಿ ಹದಿಮೂರಕ್ಕೆ ಇಳಿದ. ಅಣ್ಣ ಇದನ್ನು ಎಲ್ಲೂ ಬರೆದಿಡಲಿಲ್ಲ. ಆದರೆ ರಾತ್ರಿ ಉಳಿದ ಬನ್ನು ಎಣಿಸಿ ನನಗೆ ಹೇಳಿದ ಅಂದಾಜು, ನಾನು ಆಮೇಲೆ ಖರೀದಿ ಚೀಟಿಗಳಿಂದ ತೆಗೆದ ಲೆಕ್ಕಕ್ಕೆ ಹತ್ತಿರ ಹತ್ತಿರ ಕೂಡಿತು. ದಿನಕ್ಕೆ ಮೂರೂವರೆ ಸಾವಿರದಷ್ಟು ಕಡಿಮೆ. ಪುಸ್ತಕ ಇಲ್ಲ ಅಂದ ಮಾತ್ರಕ್ಕೆ ಲೆಕ್ಕ ಇಲ್ಲ ಅಂತಲ್ಲ.

ಚಿಲ್ಲರೆ ಕಾಟ ಇನ್ನೊಂದು. ಹದಿನೈದು ರೂಪಾಯಿಯ ಟೀಗೆ ಐನೂರರ ನೋಟು. ಐದು ವರ್ಷದಿಂದ ಚಿಲ್ಲರೆ ಹೊಂದಿಸುವ ಅಭ್ಯಾಸವೇ ತಪ್ಪಿಹೋಗಿತ್ತು. ಚಿಲ್ಲರೆ ಇಲ್ಲ ಅಂದರೆ ಗೊತ್ತಿರುವ ಮುಖದವರು “ನಾಳೆ ಕೊಡ್ತೀನಿ ಅಣ್ಣ” ಅನ್ನುತ್ತಿದ್ದರು. ಉದ್ರಿ ಪುಸ್ತಕ ಮತ್ತೆ ಹೊರಬಂತು. ಹನ್ನೊಂದು ದಿನಕ್ಕೆ 6,400 ರೂಪಾಯಿ ಉದ್ರಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಗರೇಟಿನದ್ದು.

ಇದನ್ನೆಲ್ಲ ಮೊದಲು ಗಮನಿಸಿದ್ದು ಅಕ್ಕ. ಮಧ್ಯಾಹ್ನ ಗಿರಾಕಿ ಕಡಿಮೆ, ಯಾರು ಬಂದರು ಯಾರು ಬರಲಿಲ್ಲ ಅಂತ ಕಾಣುತ್ತದೆ. ಅವರು ಹೇಳಿದ್ದು ಇಷ್ಟೇ: “ಜಗಳ ಮಾಡಿ ಹೋದವ್ರು ಮತ್ತೆ ಬತ್ರು. ಇವ್ರು ಮಾತೇ ಆಡ್ದೆ ಹೋತಾ ಇದ್ರು.” ಇನ್ನೊಂದು ಸುದ್ದಿಯೂ ಅವರ ಹತ್ತಿರ ಇತ್ತು. ರಸ್ತೆಯಾಚೆ ಅಂಗಡಿಯವನು ಸ್ಕ್ಯಾನರ್ ತೆಗೆದದ್ದು ಬೋರ್ಡಿಗೆ ಮಾತ್ರ. ಗೊತ್ತಿರುವವರಿಗೆ ಗಲ್ಲಾ ಕೆಳಗಿನಿಂದ ತೆಗೆದು ತೋರಿಸುತ್ತಿದ್ದ.

ಅಣ್ಣನ ತಲೆಯಲ್ಲಿ ಆ ಹೊತ್ತಿಗೆ ಬೇರೆ ದಾರಿಗಳು ಓಡುತ್ತಿದ್ದವು. ಹೆಂಡತಿ ಹೆಸರಲ್ಲಿ ಹೊಸ ಸ್ಕ್ಯಾನರ್ ಮಾಡಿಸುವುದು. ಹುಡುಗನ ಫೋನಿಗೆ ಹಾಕಿಸುವುದು. ಅಂಗಡಿ ಮಾರಿ ಊರಿಗೆ ಹೋಗುವುದು. ಈ ಮೂರನೆಯದನ್ನು ಪ್ರತಿ ಮಳೆಗಾಲದಲ್ಲೂ ಹೇಳುತ್ತಾರೆ, ಲೆಕ್ಕಕ್ಕಿಲ್ಲ. ಮೊದಲೆರಡರ ಬಗ್ಗೆ ನಾನು ಖಡಾಖಂಡಿತವಾಗಿ ಬೇಡ ಅಂದೆ. ಅದೇ ಅಂಗಡಿ, ಅದೇ ವ್ಯಾಪಾರ, ಹೆಸರು ಮಾತ್ರ ಬೇರೆ ಅಂದರೆ ಅದು ಕಳ್ಳ ಲೆಕ್ಕ. ಇವತ್ತು ತಪ್ಪಿಸಿಕೊಂಡರೂ ಮುಂದಿನ ನೋಟಿಸು ಹೆಂಡತಿಯ ಹೆಸರಿಗೇ ಬರುತ್ತದೆ.

ಜುಲೈ 20ರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತೆವು. ಅಣ್ಣ ನೋಟಿಸನ್ನು ಹಾಲಿನ ಕ್ರೇಟಿನ ಮೇಲೆ ಇಟ್ಟರು. “ಎಂತ ಮಾಡುದು ಮಾರಾಯ್ರೆ?”

ಮೊದಲು ಆ 43 ಲಕ್ಷವನ್ನು ಬಿಡಿಸಿದೆವು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಎಲ್ಲವೂ ವ್ಯಾಪಾರವಲ್ಲ. ಚೀಟಿ ಎತ್ತಿದ ದುಡ್ಡು ಬಂದಿತ್ತು. ಮಗಳ ಫೀಸಿಗೆ ನಾಗರಬಾವಿಯ ಅವರ ಅಣ್ಣ ಕಳಿಸಿದ ಸಾಲ ಇತ್ತು. “ಫೋನ್‌ಪೇ ಮಾಡ್ತೀನಿ, ಒಂದ್ಸಾವ್ರ ಕ್ಯಾಶ್ ಕೊಡಿ” ಅನ್ನುವ ಗಿರಾಕಿಗಳ ದುಡ್ಡಂತೂ ವಾರಕ್ಕೆ ನಾಲ್ಕೈದು. ಇದೆಲ್ಲ ಮೂರೂವರೆ ಲಕ್ಷ ಕಳೆದರೆ ಮೂವತ್ತೊಂಬತ್ತೂವರೆ. ಅಣ್ಣನ ಮುಖ ಅರಳಿತು. ಮಿತಿಯೊಳಗೇ ಇದ್ದೇವೆ!

ಆ ಖುಷಿ ಕೆಡಿಸಬೇಕಾದವನು ನಾನೇ. ಟರ್ನೋವರ್ ಅಂದರೆ ಬರೀ ಯುಪಿಐ ಅಲ್ಲ, ಕ್ಯಾಶೂ ಸೇರುತ್ತದೆ. ದಿನಕ್ಕೆ 17 ಸಾವಿರ ಅಂದರೆ, ವರ್ಷಕ್ಕೆ 360 ದಿನ ಹಿಡಿದರೂ 61 ಲಕ್ಷ. ತೆರಿಗೆ ಇಲ್ಲದ ಹಾಲನ್ನೂ ಮಿತಿಯ ಲೆಕ್ಕಕ್ಕೆ ಹಿಡಿಯಬೇಕು. ಅದಕ್ಕಿಂತ ಕಷ್ಟದ್ದು ಟೀ. 40 ಲಕ್ಷ ಬರೀ ಸಾಮಾನು ಮಾರುವವರಿಗೆ. ಟೀ ಮಾಡಿ ಕೊಡುವುದು ಹೋಟೆಲಿನ ಹಾಗೆ ಸೇವೆಯ ಲೆಕ್ಕಕ್ಕೆ ಬರುತ್ತದೆ. ಸೇವೆ ಸೇರಿದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಒಂದು ಟೀ ಪಾತ್ರೆ ಇಡೀ ಅಂಗಡಿಯ ಮಿತಿಯನ್ನು ಅರ್ಧ ಮಾಡುತ್ತದೆ ಅಂದಾಗ ಅಣ್ಣ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಈ ಕಾನೂನು ಮಾಡಿದವನು ನಾನೇ ಏನೋ ಅನ್ನುವ ಹಾಗೆ. ಸ್ಕ್ಯಾನರ್ ತೆಗೆದರೂ ಈ ಲೆಕ್ಕ ಯಾವುದೂ ಬದಲಾಗುವುದಿಲ್ಲ. ಕಾಣುವುದು ಕಡಿಮೆಯಾಗುತ್ತದೆ, ಅಷ್ಟೇ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಕ್ಕ, ಪಾತ್ರೆ ತೊಳೆಯುತ್ತಿದ್ದ ತಮ್ಮನ ಕಡೆ ನೋಡದೆ, “ಹಂಗಾರೆ ಟೀ ಅವ್ನಿಗೇ ಬಿಟ್ಟುಕೊಡಿ” ಅಂದರು.

ಇದು ಜಿಎಸ್‌ಟಿಗಿಂತ ಹಳೆಯ ವಿಷಯ. ತಮ್ಮ ಆರು ವರ್ಷದಿಂದ ಸಂಬಳ, ಊಟ, ರೂಮು ಅಂತ ಇದ್ದ. ತನ್ನದೇ ಏನಾದರೂ ಮಾಡಬೇಕು ಅಂತ ಮೂರು ವರ್ಷದಿಂದ ಅಕ್ಕನ ಹತ್ತಿರ ಹೇಳುತ್ತಿದ್ದ. ತನ್ನ ತಮ್ಮನ ಪರ ಗಂಡನ ಹತ್ತಿರ ಮಾತಾಡುವುದು ಹೇಗೆ ಅಂತ ಅಕ್ಕನಿಗೆ ಸಂಕೋಚ. ಟೀ ಕೊಟ್ಟರೆ ಕೈಬಿಟ್ಟು ಹೋಗುತ್ತಾನೆ ಅಂತ ಅಣ್ಣನಿಗೆ ಭಯ. ಮೂರು ವರ್ಷ ಯಾರೂ ಎತ್ತದ ಮಾತಿಗೆ ನೋಟಿಸ್ ಒಂದು ನೆಪ ಕೊಟ್ಟಿತು. ಸಣ್ಣ ಅಂಗಡಿಯಲ್ಲಿ ಕೆಲಸದವರ ವಿಷಯ, ತೆರಿಗೆ ವಿಷಯ, ಮನೆ ವಿಷಯ ಅಂತ ಬೇರೆ ಬೇರೆ ಕಡತ ಇರುವುದಿಲ್ಲ. ಎಲ್ಲ ಒಂದೇ ಚಾಪೆಯ ಮೇಲೆ ಕೂತಿರುತ್ತವೆ.

ನಾನು ಒಂದೇ ಷರತ್ತು ಹಾಕಿದೆ: ಕೊಡುವುದಾದರೆ ನಿಜವಾಗಿ ಕೊಡಿ. ಅವನ ಸ್ಟವ್, ಅವನ ಹಾಲು, ಅವನ ಸ್ಕ್ಯಾನರ್, ಬಾಡಿಗೆಯಲ್ಲಿ ಅವನ ಪಾಲು, ಲಾಭ ನಷ್ಟ ಅವನದ್ದೇ. ಅಣ್ಣ ಮಲಗಿ ಯೋಚಿಸುತ್ತೇನೆ ಅಂದರು.

ಉಳಿದ ಲೆಕ್ಕ ಸುಲಭವಾಗಿತ್ತು. ಟೀ ದಿನಕ್ಕೆ 3,500, ವರ್ಷಕ್ಕೆ ಹನ್ನೆರಡೂವರೆ ಲಕ್ಷ. ತಮ್ಮನದ್ದು 20 ಲಕ್ಷದೊಳಗೆ. ಅಣ್ಣನ ಅಂಗಡಿಗೆ ಉಳಿಯುವುದು ದಿನಕ್ಕೆ 13,500. 40 ಲಕ್ಷ ದಾಟುತ್ತದೆ, ನೋಂದಣಿ ಆಗಲೇಬೇಕು. ಆದರೆ ಕಾಂಪೊಸಿಷನ್ ಅಂತ ಒಂದು ದಾರಿ ಇದೆ. ಒಂದೂವರೆ ಕೋಟಿವರೆಗಿನ ವ್ಯಾಪಾರಿಗಳು ತೆರಿಗೆ ಬೀಳುವ ಮಾಲಿನ ಮಾರಾಟದ ಮೇಲೆ 1% ಕಟ್ಟಿದರೆ ಆಯಿತು. ಗಿರಾಕಿಯಿಂದ ಅದನ್ನು ವಸೂಲಿ ಮಾಡುವ ಹಾಗಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆ ವಾಪಸ್ ಸಿಗುವುದೂ ಇಲ್ಲ. ಹಾಲು 3,500 ಕಳೆದರೆ ದಿನಕ್ಕೆ 10,000. ವರ್ಷಕ್ಕೆ 36 ಲಕ್ಷ. ತೆರಿಗೆ 36 ಸಾವಿರ.

ಮೂವತ್ತಾರು ಸಾವಿರ ಅಂದ ಕೂಡಲೇ ಅಣ್ಣ ತಲೆ ಆಡಿಸಿದರು. ಆಗಲ್ಲ. ಸಿಗರೇಟಲ್ಲಿ ಸಿಗುವುದೇ ಚೂರು, ಅದರಲ್ಲೂ ಒಂದು ಪರ್ಸೆಂಟ್ ಅಂದರೆ ಹೇಗೆ? ಅವರ ಮಾತು ತಪ್ಪಲ್ಲ. ಸಿಗರೇಟಿನಂಥ ಕಡಿಮೆ ಮಾರ್ಜಿನ್ ಮಾಲಿಗೆ ಕಾಂಪೊಸಿಷನ್ ನಿಜಕ್ಕೂ ಭಾರ. ಸುಮ್ಮನಾದೆ. ಅಣ್ಣ ಸಿಗರೇಟ್ ಪ್ಯಾಕಿನ ಹಿಂದೆ ಏನೋ ಗೀಚಿದರು. 36 ಸಾವಿರವನ್ನು 360ರಿಂದ ಭಾಗಿಸಿದ್ದರು.

“ದಿನಕ್ಕೆ ನೂರು ರೂಪಾಯಿಯಾ?”

ಹೌದು.

“ಹಂಗೆ ಹೇಳುದಲ್ದಾ ಮತ್ತೆ! ಅರ್ಧ ಪಿಗ್ಮಿ.”

ಸ್ಕ್ಯಾನರ್ ಇಲ್ಲದೆ ದಿನಕ್ಕೆ ಮೂರೂವರೆ ಸಾವಿರ ವ್ಯಾಪಾರ ಹೋಗುತ್ತಿದೆ. ಅದರಲ್ಲಿ ಹೋದ ಲಾಭ ನೂರಕ್ಕಿಂತ ಎಷ್ಟೋ ಜಾಸ್ತಿ ಅನ್ನುವುದನ್ನು ನಾನು ಹೇಳಬೇಕಾಗಲಿಲ್ಲ.

ಜುಲೈ 23ರ ಬೆಳಿಗ್ಗೆ ಗಲ್ಲಾ ಮೇಲೆ ಸ್ಕ್ಯಾನರ್ ಮತ್ತೆ ಬಂತು. ಅದೇ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಅಂದರು. 25ಕ್ಕೆ ಕರೆದಿದ್ದ ಬಂದ್ ಕೈಬಿಟ್ಟರು. ಸರ್ಕಾರದ ಮಾತು ಕೇಳಿ ವ್ಯಾಪಾರಿಗಳು ಸ್ಕ್ಯಾನರ್ ವಾಪಸ್ ಇಟ್ಟರು ಅಂತ ಮೇಲಿನಿಂದ ನೋಡಿದವರಿಗೆ ಅನ್ನಿಸಬಹುದು. ಈ ಅಂಗಡಿಯಲ್ಲಿ ಸಭೆಯ ಸುದ್ದಿ ಬರುವ ಮುಂಚೆನೇ ಇಟ್ಟಾಗಿತ್ತು. ಆದರೂ ಆ ಸುದ್ದಿ ಬರದೇ ಹೋಗಿದ್ದರೆ ಆಗಸ್ಟಿನಲ್ಲಿ ನೋಂದಣಿಗೆ ಸಹಿ ಹಾಕುತ್ತಿದ್ದರಾ? ಹಳೆಯ ನಾಲ್ಕು ವರ್ಷದ ಭಯ ಇಟ್ಟುಕೊಂಡು ಯಾರೂ ಸಹಿ ಹಾಕುವುದಿಲ್ಲ ಅಂತ ನನ್ನ ಅನಿಸಿಕೆ.

ಆಮೇಲೆ ನಾನು ಅವರಿಗೆ ಲೆಕ್ಕದ ಪುಸ್ತಕ ತಂದುಕೊಟ್ಟೆ. ಕಾಲಂ ಎಲ್ಲ ಗೆರೆ ಹಾಕಿ. ಅದು ಒಂಬತ್ತು ದಿನ ಬಾಳಿತು. ಡೊಮಿನಿಕನ್ ರಿಪಬ್ಲಿಕ್‌ನ ಸಣ್ಣ ವ್ಯಾಪಾರಿಗಳ ಬಗ್ಗೆ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಕೆಲವರಿಗೆ ಸರಿಯಾದ ಅಕೌಂಟಿಂಗ್ ಕಲಿಸಿದರು. ಇನ್ನು ಕೆಲವರಿಗೆ ಮನೆ ದುಡ್ಡು, ಅಂಗಡಿ ದುಡ್ಡು ಬೇರೆ ಬೇರೆ ಡ್ರಾಯರಿನಲ್ಲಿ ಇಡಿ ಅನ್ನುವಂಥ ಸರಳ ಸೂತ್ರಗಳನ್ನು ಹೇಳಿಕೊಟ್ಟರು. ಫಲ ಕೊಟ್ಟದ್ದು ಎರಡನೆಯದು. ಅದನ್ನು ಓದಿಯೂ ನಾನು ಪುಸ್ತಕ ತಂದುಕೊಟ್ಟೆ ನೋಡಿ. ಕಸುಬಿನ ಚಟ. ಕೊನೆಗೆ ಉಳಿದದ್ದು ಎರಡು ವಿಷಯ. ಚೀಟಿ, ಸಾಲ, ಮನೆ ಖರ್ಚಿಗೆ ಬೇರೆ ಬ್ಯಾಂಕ್ ಖಾತೆ. ಮತ್ತೆ ಗೋಡೆಯ ಕ್ಯಾಲೆಂಡರ್. ಹಾಲಿನ ಲೆಕ್ಕ ಬರೆಯುವ ಹಾಗೆ ಅಕ್ಕ ಪ್ರತಿ ರಾತ್ರಿ ಆ ದಿನದ ಚೌಕದಲ್ಲಿ ಎರಡು ಅಂಕಿ ಬರೆಯುತ್ತಾರೆ. ಮೇಲೆ ಕ್ಯಾಶ್, ಕೆಳಗೆ ಸ್ಕ್ಯಾನರ್.

ಕಾಂಪೊಸಿಷನ್‌ನವರು ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟಬೇಕು. ಸೆಪ್ಟೆಂಬರ್‌ವರೆಗಿನದ್ದಕ್ಕೆ ಅಕ್ಟೋಬರ್ 18 ಕೊನೆ ದಿನ. ಅದಕ್ಕೆ ಮುಂಚೆ ಲೆಕ್ಕ ತೆಗೆದುಕೊಳ್ಳಲು ಹೋದಾಗ ಅಕ್ಕ ಕ್ಯಾಲೆಂಡರಿನ ಹಾಳೆಗಳನ್ನೇ ಹರಿದು ಕೈಗಿಟ್ಟರು. ಅಂಕಿಗಳನ್ನು ಕೂಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಭಾನುವಾರಗಳ ಮೊತ್ತ ಉಳಿದ ದಿನಗಳ ಅರ್ಧದಷ್ಟೂ ಇಲ್ಲ. ಭಾನುವಾರ ಜಾಸ್ತಿ ವ್ಯಾಪಾರ ಅಂತ ಅಣ್ಣ ಹನ್ನೊಂದು ವರ್ಷದಿಂದ ನಂಬಿಕೊಂಡು, ಹುಡುಗನಿಗೆ ಆ ದಿನಕ್ಕೆ ನೂರು ರೂಪಾಯಿ ಹೆಚ್ಚು ಕೊಡುತ್ತಿದ್ದರು. ಹಾಳೆ ತೋರಿಸಿದೆ. ನೋಡಿದರು, ಏನೂ ಹೇಳಲಿಲ್ಲ.

ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಹೋದರೆ ಅಂಗಡಿಯ ಶಟರ್ ಅರ್ಧ ಎಳೆದಿತ್ತು. ತಮ್ಮನ ಟೀ ಮಾತ್ರ ನಡೆಯುತ್ತಿತ್ತು. ಇನ್ನು ಮೇಲೆ ಭಾನುವಾರ ಒಂದು ಗಂಟೆಗೇ ಮುಚ್ಚುವುದು ಅಂತ ಅವನು ಹೇಳಿದ. ನನಗೆ ಒಳಗೊಳಗೇ ಹೆಮ್ಮೆ. ಸೋಮವಾರ ಅಣ್ಣನನ್ನು ಕೇಳಿದೆ, ಕ್ಯಾಲೆಂಡರ್ ನೋಡಿ ಮಾಡಿದ್ದಾ?

“ಇಲ್ಲೆ ಮಾರಾಯ್ರೆ, ಇವ್ಳಿಗೆ ಸೊಂಟ ನೋವು” ಅಂದರು.